ಮಾಳಿಗೆಯ ಮೇಲೆ ಎರಡು ಸೆಲ್ಲು

ಮೊನ್ನೆ ನಮ್ಮ ಮನೆಯ ಟಿ.ವಿ. ರಿಮೋಟು ಹಾಸಿಗೆ ಹಿಡಿಯಿತು. ನಾಲ್ಕು ಸಲ ಒತ್ತಿದರೆ ಒಂದು ಸಲ ಓಗೊಡುವ, ನನ್ನಂಥ ನಿವೃತ್ತರಿಗೆ ಸಹಜವಾದ ಸ್ಥಿತಿಗೆ ಬಂದಿತ್ತು. ನನ್ನ ಹೆಂಡತಿ ಅದರ ಬೆನ್ನಿನ ಮುಚ್ಚಳ ತೆಗೆದು, ಎರಡು ಸೆಲ್ಲುಗಳನ್ನು ಹೊರಗೆಳೆದು, ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕದಲ್ಲಿ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಳು. ನಾನು ಎದ್ದು ಹೋಗಿ ಎರಡನ್ನೂ ಕಸದ ಬುಟ್ಟಿಗೆ ಹಾಕಿದೆ.

"ಏನಾಗೈತ್ರಿ ನಿಮಗ? ಬಿಸಲು ಕಾದ್ರ ಇನ್ನೊಂದ ವಾರ ಬರತಿದ್ವು."

"ಹೊಸಾವು ತರತೀನಿ ಬಿಡು."

"ಅಬ್ಬಬ್ಬಾ! ಚಹಾಪುಡಿ ತರ್ರಿ ಅಂದ್ರ ಮೂರ ದಿನ ಮಾಡಾವ್ರು, ಸೆಲ್ ತರಾಕ ಎದ್ದ ನಿಂತ್ರಲ್ಲ!"

ಬಿಸಿಲಿಗೆ ಕಾದ ಹಳೆಯ ಸೆಲ್ಲಿಗೆ ತುಕ್ಕು ಮತ್ತು ಹುಳಿ ಬೆರೆತಂಥ ಒಂದು ವಾಸನೆ ಇರುತ್ತದೆ. ಅದು ನನ್ನ ಬೆರಳಿಗೆ ಹತ್ತಿತ್ತು. ಸಾಬೂನು ಹಚ್ಚಿ ತೊಳೆದೆ. ವಾಸನೆ ಹೋಯಿತು. ಅದರ ಬೆನ್ನಿಗೆ ಬಂದ ಬೇಸಿಗೆ ಮಾತ್ರ ಹೋಗಲಿಲ್ಲ.

ಕೊಪ್ಪಳ ಜಿಲ್ಲೆಯಾಗಿ ಇನ್ನೂ ಕೆಲವೇ ವರ್ಷಗಳಾಗಿದ್ದವು. ನಾನು ಸಹಕಾರಿ ಸಂಘದ ಗುಮಾಸ್ತಿಕೆ ಮುಗಿಸಿ, ಮನೆಯಲ್ಲಿ ಕುಳಿತು ಮನೆಯವರಿಗೆ ಬೇಸರ ತರಿಸುತ್ತಿದ್ದ ಕಾಲ. ಆಗ ಬೋರ್‌ವೆಲ್ ನೀರು ಪರೀಕ್ಷೆ ಮಾಡುವ ಒಂದು ಯೋಜನೆ ಬಂತು. ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡು ಎಂಬುದೊಂದು ಇದೆ. ಹಲ್ಲು ಕಂದಾಗುವುದೂ ನಲವತ್ತಕ್ಕೇ ಬೆನ್ನು ಬಾಗುವುದೂ ಅದರ ಪ್ರಸಾದ. ಊರೂರಿಗೆ ಹೋಗಿ ನೀರು ಪರೀಕ್ಷಿಸಿ, ಕೆಟ್ಟ ಪಂಪಿಗೆ ಕೆಂಪು ಬಣ್ಣ, ಕುಡಿಯಬಹುದಾದದ್ದಕ್ಕೆ ಹಸಿರು ಬಣ್ಣ ಬಳಿಸಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ತಾಲೂಕಿಗೊಬ್ಬ ಕಾರ್ಯಕರ್ತ. ಅವರೆಲ್ಲರ ತಲೆಯ ಮೇಲೆ ಮೇಲ್ವಿಚಾರಕನೆಂದು ನಾನು. ಆಫೀಸು ಸ್ಟೇಷನ್ ರಸ್ತೆಯ ಒಂದು ಕ್ರಿಮಿನಾಶಕದ ಅಂಗಡಿಯ ಮೇಲ್ಮಹಡಿ. ಶುದ್ಧ ನೀರಿನ ಚಿಂತನೆಯನ್ನು ಎಂಡ್ರಿನ್ ವಾಸನೆಯಲ್ಲೇ ಮಾಡುತ್ತಿದ್ದೆವು.

ಹಣ ಕೊಟ್ಟ ಪರದೇಶದ ಪುಣ್ಯಾತ್ಮರು ಕಾಗದವನ್ನು ನಂಬುತ್ತಿರಲಿಲ್ಲ. ಕಾರ್ಯಕರ್ತರಿಗೆಂದು ಅಂಗೈಯಗಲದ ಯಂತ್ರಗಳನ್ನು ಕಳಿಸಿದ್ದರು. ಬೂದು ಬಣ್ಣದ ಗಾಜಿನ ಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ ಬರೆಯಬೇಕು. ಬರೆದ ಪ್ರತಿಯೊಂದಕ್ಕೂ ಅದು ತಾನೇ ತಾರೀಖು, ಹೊತ್ತು ಹಾಕಿಕೊಳ್ಳುತ್ತಿತ್ತು. ಬಂದ ದಿನವೇ ನಮ್ಮವರು ಅದಕ್ಕೆ 'ಪಾಟಿ' ಎಂದು ಹೆಸರಿಟ್ಟರು. ಸಾಲಿಯಲ್ಲಿ ಸ್ಲೇಟಿನ ಮೇಲೆ ಬಳಪ ಹಿಡಿದು ಬರೆದವರಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಪಾಟಿಗೆ ಕನ್ನಡ ಬರುತ್ತಿರಲಿಲ್ಲ. ಊರ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಗಿತ್ತು. ತಳಕಲ್ಲು ತಳಮಳವಾಗಿ, ಅಳವಂಡಿ ಯಾವುದೋ ಔಷಧದ ಹೆಸರಾಗಿ ಕಾಣುತ್ತಿತ್ತು.

ಸಂಜೆ ಪಾಟಿಯಲ್ಲಿದ್ದುದನ್ನು ಆಫೀಸಿನ ಕಂಪ್ಯೂಟರಿಗೆ ಇಳಿಸಬೇಕು. ಇಳಿದ ಮೇಲೆಯೇ ಅದು ನಡೆದ ಸಂಗತಿ. ಅಲ್ಲಿಯವರೆಗೆ ಬರೀ ಬಾಯಿಮಾತು. ಆದರೆ ಕಂಪ್ಯೂಟರ್ ಕಳಿಸಿದ ಹೆಡ್ ಆಫೀಸಿನವರು ಅದರೊಳಗೆ ವಿಂಡೋಸ್ ಹಾಕಿಸಲು ಮರೆತಿದ್ದರು. ಮರೆತೆವೆಂದು ಒಪ್ಪಿಕೊಳ್ಳುವುದು ಆಫೀಸುಗಳ ಸಂಪ್ರದಾಯವಲ್ಲವಾದ್ದರಿಂದ ನಾವು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಕೊನೆಗೆ ಕಂಪ್ಯೂಟರ್ ನೋಡಿಕೊಳ್ಳುವ ನಜೀರ್ ಯಾವುದೋ ಮಾಸಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಎಂಬುದನ್ನು ತುಂಬಿದ. ಪರದೆಯ ಮೇಲೆ ಹೊಟ್ಟೆ ತುಂಬಿದ ಒಂದು ಪೆಂಗ್ವಿನ್ ಬಂದು ಕುಳಿತಿತು.

"ಇದು ಯಾರದಪ್ಪಾ?" ಎಂದೆ.

"ಯಾರದೂ ಅಲ್ರಿ ಸರ. ಎಲ್ಲಾರದೂ. ಪುಕಟ."

"ಎಲ್ಲಾರದೂ ಅಂದಮ್ಯಾಲ, ಕೆಟ್ರ ಯಾರನ್ನ ಕೇಳಬೇಕು?"

"ನನ್ನ ಕೇಳ್ರಿ," ಎಂದು ಎದೆ ಮುಟ್ಟಿಕೊಂಡ. ನಿಜಕ್ಕೂ ಆಮೇಲೆ ಎಲ್ಲದಕ್ಕೂ ಅವನನ್ನೇ ಕೇಳಿದರು.

ಪಾಟಿಯ ಜೊತೆ ಬಂದ ಸಾಫ್ಟ್‌ವೇರಿಗೆ ಪೆಂಗ್ವಿನ್ನಿನ ಗುರುತಿರಲಿಲ್ಲ. ನಜೀರ್ ವಾರಗಟ್ಟಲೆ ಗುದ್ದಾಡಿ ಒಂದು ದಾರಿ ಕಂಡುಹಿಡಿದ. ಪಾಟಿಯನ್ನು ತಂತಿ ಇದ್ದ ಒಂದು ಪೀಠದಲ್ಲಿ ಕೂಡಿಸಬೇಕು. ಅದಕ್ಕೆ ತೊಟ್ಟಿಲು ಎನ್ನುತ್ತಿದ್ದೆವು. ಕಪ್ಪು ಪರದೆಯ ಮೇಲೆ ನಜೀರ್ ಒಂದು ಸಾಲು ಟೈಪು ಮಾಡಬೇಕು, ಅದೇ ಗಳಿಗೆಗೆ ಕಾರ್ಯಕರ್ತ ತೊಟ್ಟಿಲಿನ ಗುಂಡಿ ಒತ್ತಬೇಕು. ತಡವಾದರೆ ಕಂಪ್ಯೂಟರ್ ಮುನಿಸಿಕೊಳ್ಳುತ್ತಿತ್ತು. ಸರಿಹೋದರೆ ಪಾಟಿ ಗುಬ್ಬಿಯಂತೆ ಚಿಂವ್ ಎನ್ನುತ್ತಿತ್ತು. ಆ ಚಿಂವ್ ಕೇಳಿದ ಮೇಲೆಯೇ ಎಲ್ಲರೂ ಚಹಾಕ್ಕೆ ಇಳಿಯುವುದು. ಗುಡಿಯ ಗಂಟೆಗೂ ನಾವು ಅಷ್ಟು ಭಕ್ತಿಯಿಂದ ಕಾದವರಲ್ಲ.

ಪಾಟಿಗೆ ಒಂದು ದೊಡ್ಡ ರೋಗವಿತ್ತು. ಅದರ ನೆನಪು ಸೆಲ್ಲಿನ ಮೇಲೆ ನಿಂತಿತ್ತು. ಸೆಲ್ ತೆಗೆದು ತುಸು ಹೊತ್ತು ಬಿಟ್ಟರೆ ಸಾಕು, ಬರೆದದ್ದೆಲ್ಲ ಅಳಿಸಿಹೋಗಿ ಅಂಗಡಿಯಿಂದ ಆಗಷ್ಟೇ ತಂದಂತೆ ಆಗುತ್ತಿತ್ತು. ಹೊಸ ಸೆಲ್ ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ತೆಗೆಯಬೇಕು. ನಜೀರ್ ಅದಕ್ಕೊಂದು ಮಂತ್ರ ಕಲಿಸಿದ್ದ: "ತಗಿಯೂ ಮುಂದ ಉಸರ ಹಿಡೀರಿ, ಹಾಕಿದ ಮ್ಯಾಲ ಬಿಡ್ರಿ. ನಡುವ ನೀವು ಉಸರ ಬಿಟ್ರ ಅದು ಬಿಡತೈತಿ." ಗಂಗಾವತಿಯ ದಪ್ಪನೆಯ ಕಾರ್ಯಕರ್ತ ಸೆಲ್ ಬದಲಿಸುವಾಗ ಕಣ್ಣುಗುಡ್ಡೆ ಹೊರಗೆ ಬರುತ್ತಿದ್ದವು.

ಯಲಬುರ್ಗಾ ತಾಲೂಕು ಶರಣಪ್ಪನದು. ಅಳವಂಡಿ ಕಡೆಯವನು. ಅವನ ಹಲ್ಲು ಹುಣಸೆಬೀಜದ ಬಣ್ಣ, ಚಿಕ್ಕಂದಿನಲ್ಲಿ ಕುಡಿದ ನೀರಿನ ಕೃಪೆ. ಬೇರೆಯವರು ಊರಿಗೆ ಹೋದರೆ ಫ್ಲೋರೈಡಿನ ಚಿತ್ರಪಟ ಬಿಚ್ಚುತ್ತಿದ್ದರು. ಇವನು ಪಂಪಿನ ಕಟ್ಟೆ ಏರಿ ನಿಂತು ಬಾಯಿ ತೆರೆಯುತ್ತಿದ್ದ. "ಎವ್ವಾ, ಇಲ್ಲಿ ನೋಡ್ರಿ. ನಿಮ್ಮ ಹುಡ್ರದು ಹಿಂಗ ಆಗಬಾರ್ದು ಅಂದ್ರ ಕೆಂಪ ಪಂಪಿನ ನೀರು ಎಮ್ಮಿಗೆ ಹಾಕ್ರಿ."

"ಎಮ್ಮಿ ಹಲ್ಲೇನ ಮಾಡ್ಯಾವಪ್ಪಾ ಪಾಪ!" ಎಂದು ಹೆಣ್ಣುಮಕ್ಕಳು ನಗುತ್ತಿದ್ದರಂತೆ.

"ಎಮ್ಮಿಗೆ ಯಾರ ಕನ್ಯಾ ನೋಡಾಕ ಬರತಾರ್ರಿ?"

ಅವನಿಗೆ ಮಾತ್ರ ಕನ್ಯೆ ಸಿಕ್ಕಿದ್ದಳು. ಗಿರಿಜಾ, ಪಿಯುಸಿ ಪಾಸಾದವಳು, ಬಿಳಿಯ ಹಲ್ಲಿನವಳು. "ಕತ್ತಲದಾಗ ನೋಡಿ ಒಪ್ಯಾಳ ಸರ," ಎನ್ನುತ್ತಿದ್ದ. ಮದುವೆಯಾಗಿ ಎರಡನೇ ವರ್ಷ. ಮನೆಯಲ್ಲಿ ಅವರಿಬ್ಬರಲ್ಲದೆ ಅವನ ತಂದೆ ಫಕೀರಪ್ಪ ಒಬ್ಬರು.

ಆ ಬೇಸಿಗೆಯ ಅಮಾವಾಸ್ಯೆ. ನಮ್ಮ ಕಡೆ ಅಮಾಸೆಗೆ ಯಾರೂ ಹೊಲಕ್ಕೆ ಹೋಗುವುದಿಲ್ಲ. ಎತ್ತಿಗೂ ರಜೆ, ಆಳಿಗೂ ರಜೆ. ಯೋಜನೆಗೂ ಅಂದು ರಜೆ ಕೊಟ್ಟಿದ್ದೆವು. ಶರಣಪ್ಪ ಹಿಂದಿನ ಸಂಜೆ ಪಾಟಿಯನ್ನು ತೊಟ್ಟಿಲಿಗೆ ಹಾಕಿ ಚಿಂವ್ ಅನಿಸಿ, "ನಾಳಿ ಹೋಗಿ ತಳಕಲ್ಲ ಆಚಿಗಿನ ಊರು ಮುಗಿಸಿಬಿಡತೀನಿ ಸರ. ಅಮಾಸಿ ದಿನ ಜನಾ ಮನ್ಯಾಗ ಸಿಗತಾರ, ಇಲ್ಲಾಂದ್ರ ಕೇಳಿದ್ದಕ್ಕ ನಾಯಿ ಉತ್ತರ ಕೊಡತಾವು," ಎಂದ.

"ರಜಾ ಐತಲ್ಲೋ."

"ನೀರಿಗೆಲ್ಲಿ ರಜಾ ಐತ್ರಿ?"

ನಜೀರ್ ಹಿಂದಿನಿಂದ ಕೂಗಿದ: "ಶರಣಪ್ಪಾ, ಸೆಲ್ ಇಳದಾವ. ನಾಡದ ಬಂದಾಗ ಬದಲಿ ಮಾಡೂಣು."

ಅವನು ಆ ಊರಿಗೆ ಹೋದ. ನೀರು ಪರೀಕ್ಷೆ ಮಾಡಿದ. ಪಾಟಿಯಲ್ಲಿ ಬರೆದ. ಪ್ರಯೋಗಾಲಯಕ್ಕೆ ಕಳಿಸಲು ಒಂದು ಬಾಟಲಿ ನೀರು ತುಂಬಿಕೊಂಡ. ತಿರುಗಿ ಬರುವಾಗ ತಳಕಲ್ಲಿನ ರಸ್ತೆಯಲ್ಲಿ, ಗಂಗಾವತಿ ಮಿಲ್ಲಿನಿಂದ ಭತ್ತದ ಹೊಟ್ಟು ಹೇರಿಕೊಂಡು ಬರುತ್ತಿದ್ದ ಲಾರಿ ಅವನ ಬೈಕನ್ನು ಬಡಿಯಿತು.

ಮರುದಿನ ನಾನು ಹೋದಾಗ ರಸ್ತೆಯ ಮೇಲೆ ಹೊಟ್ಟು ಹಾಗೆಯೇ ಚೆಲ್ಲಿತ್ತು, ಗಾಳಿಗೆ ಹಾರುತ್ತಿತ್ತು. ಅಲ್ಲಿ ಕುರಿ ಕಾಯುತ್ತಿದ್ದವನೊಬ್ಬ ಎಲ್ಲ ನೋಡಿದ್ದ.

"ಜೀವ ಇತ್ರಿ ಇನ್ನಾ. ನೀರು ನೀರು ಅಂದ್ರು. ಈ ಬಿಸಲಾಗ ಎಲ್ಲೀ ನೀರು ತರೂದು? ಚೀಲಾ ಬಿಚ್ಚಿ ನೋಡಿದ್ರ ಒಂದ ಬಾಟ್ಲಿ ಇತ್ತು. ಅದನ್ನ ಬಾಯಾಗ ಬಿಟ್ವಿ. ಅರ್ಧಾ ಕುಡದ್ರು. ಉಳದದ್ದು ತಲಿಗೆ ಹಾಕಿದ್ವಿ."

ಅವನು ತಪ್ಪೇನಾದರೂ ಆಯಿತೇ ಎಂಬಂತೆ ನನ್ನ ಮುಖ ನೋಡಿದ. "ಛಲೋ ಮಾಡಿದ್ರಿ," ಎಂದೆ. ಆ ಬಾಟಲಿಯ ಮೇಲೆ, ಕುಡಿಯತಕ್ಕದ್ದಲ್ಲ ಎಂದು ನಮ್ಮ ಆಫೀಸಿನದೇ ಚೀಟಿ ಅಂಟಿಸಿತ್ತು.

ಪಾಟಿಗೆ ಗೆರೆಯೂ ಬಿದ್ದಿರಲಿಲ್ಲ. ಪೊಲೀಸರು ಅದನ್ನು ಬಟ್ಟೆ, ಬಾಚಣಿಗೆಯ ಜೊತೆ ಗಂಟು ಕಟ್ಟಿ ಮನೆಯವರಿಗೆ ಕೊಟ್ಟಿದ್ದರು.

ಹೆಡ್ ಆಫೀಸಿಗೆ ತಂತಿಯಂಥ ಒಂದು ಇ-ಮೇಲ್ ಕಳಿಸಿದೆವು. ಯೋಜನೆಯ ನಿಯಮದಲ್ಲಿ ಒಂದು ಸಾಲಿತ್ತು: ಕರ್ತವ್ಯದ ಮೇಲೆ ತೀರಿಕೊಂಡವರ ಮನೆಯ ಒಬ್ಬರಿಗೆ ಕೆಲಸ ಕೊಡತಕ್ಕದ್ದು. ಗಿರಿಜಾಗೆ ಆ ಒಂದು ಸಾಲಲ್ಲದೆ ಬೇರೆ ಆಸರೆ ಇರಲಿಲ್ಲ. ಉತ್ತರ ಬಂತು, ಈ ಸಲ ಬೇಗನೇ ಬಂತು. ಅಂದು ರಜಾದಿನ, ಬೈಕು ಸ್ವಂತದ್ದು, ಆದ್ದರಿಂದ ಇದು ಖಾಸಗಿ ಪ್ರಯಾಣ. ಅಂದು ಕೆಲಸ ಮಾಡಿದ್ದರೆ ಸಿಸ್ಟಮ್ಮಿನಲ್ಲಿ ದಾಖಲೆ ತೋರಿಸುವುದು. ನಾನು ಆ ಊರಿಗೆ ಹೋಗಿ ಹಿರಿಯರ ಹೆಬ್ಬೆಟ್ಟು ಹಾಕಿಸಿಕೊಂಡು ಬಂದು ಕಳಿಸಿದೆ. ಕಾಗದ ಸ್ವೀಕಾರಾರ್ಹವಲ್ಲ ಎಂದರು. ಇನ್ನು ಉಳಿದದ್ದು ಪಾಟಿ ಒಂದೇ.

ಮಣ್ಣಾದ ಐದನೇ ದಿನ ಶರಣಪ್ಪನ ಮನೆಗೆ ಹೋದೆ. ಪಡಸಾಲೆಯ ಗೂಡಿನಲ್ಲಿ ಶರಣಪ್ಪನ ಪಟದ ಪಕ್ಕ ಪಾಟಿ ಇಟ್ಟಿದ್ದರು, ಅದಕ್ಕೂ ವಿಭೂತಿ ಹಚ್ಚಿದ್ದರು. ಜಮಖಾನೆಯ ಮೇಲೆ ಹಿರಿಯರು ಕುಳಿತಿದ್ದರು. ನಾನು ಕಿಸೆಯಲ್ಲಿ ಎರಡು ಹೊಸ ಸೆಲ್ ಇಟ್ಟುಕೊಂಡು, ಬಂದ ಕೆಲಸ ಬಾಯಿಬಿಟ್ಟು ಹೇಳಲಾರದೆ, ಚಹಾ ಕುಡಿದೆ. ಕೊನೆಗೆ ಹೇಳಲೇಬೇಕಾಯಿತು. ಒಬ್ಬ ಹಿರಿಯರು ತಲೆ ಅಲ್ಲಾಡಿಸಿದರು. "ದಿನದ ಕಾರ್ಯ ಆಗೂತನಕ ಹ್ವಾದಂವನ ಸಾಮಾನು ಹೊರಗಿನವರು ಮುಟ್ಟಬಾರದ್ರಿ, ಮನಿ ದಾಟಬಾರದು. ಆಮ್ಯಾಲ ಒಯ್ರಿ."

ಆಗಲಿ ಎಂದೆ. ಎರಡು ಸೆಲ್ಲುಗಳನ್ನು ಫಕೀರಪ್ಪನವರ ಕೈಯಲ್ಲಿಟ್ಟೆ. "ಇದರಾಗ ಶರಣಪ್ಪ ಕಡೀಗೆ ಬರದದ್ದು ಐತ್ರಿ. ಗಿರಿಜವ್ವಗ ಅದ ಆಧಾರ. ಒಳಗಿನ ಸೆಲ್ ಸಾಯಬಾರದು. ಇಳದಾವ ಅಂತ ಅದು ತೋರಿಸಿದ್ರ ಹಾಕ್ರಿ. ತಗದ್ರ ತಗದಂಗ ಹಾಕ್ರಿ, ತಡಾ ಆಗಬಾರದು."

"ಸಾಯಾಕ ಬಿಡೂದಿಲ್ರಿ," ಎಂದರು ಮುದುಕರು. ಸೆಲ್ಲುಗಳನ್ನು ಕಣ್ಣಿಗೊತ್ತಿಕೊಂಡು ತಲೆಯ ಪಟಗದ ಚುಂಗಿನಲ್ಲಿ ಗಂಟು ಹಾಕಿದರು. ರೇಡಿಯೊ, ಟಾರ್ಚು ಇಟ್ಟುಕೊಂಡು ಜೀವನ ಮಾಡಿದವರು. ಸೆಲ್ಲಿನ ವಿಷಯ ಅವರಿಗೆ ನಾನು ಹೇಳಿಕೊಡುವುದೇನಿದೆ ಎಂದುಕೊಂಡೆ.

ದಿನದ ಕಾರ್ಯಕ್ಕೆ ನಜೀರನನ್ನೂ ಕರೆದುಕೊಂಡು ಹೋದೆ. ಎಡೆಯ ಮುಂದೆ ಶರಣಪ್ಪನಿಗೆ ಪ್ರೀತಿಯದೆಲ್ಲ ಇಟ್ಟಿದ್ದರು: ಶೇಂಗಾ ಹೋಳಿಗೆ, ಅಡಿಕೆ ಚೀಟು, ಬಾಚಣಿಗೆ, ಪಾಟಿ. ಪೂಜೆ ಮುಗಿದು ಜನ ಉಣ್ಣಲು ಕುಳಿತ ಮೇಲೆ ಫಕೀರಪ್ಪ ನಮ್ಮನ್ನು ಕೈಮಾಡಿ ಕರೆದರು. ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಹೋದೆವು. ಸೂರ್ಯ ನೆತ್ತಿ ಸುಡುತ್ತಿದ್ದ. ಅಲ್ಲಿ ಹಿತ್ತಾಳೆಯ ತಟ್ಟೆಯಲ್ಲಿ, ಬಿಳಿಯ ಅರಿವೆಯ ಮೇಲೆ, ಎರಡು ಹಳೆಯ ಸೆಲ್ಲು ಒಣಗುತ್ತಿದ್ದವು.

"ಒಂದಿನ ಹಚ್ಚಿ ನೋಡಿದ್ರ ಏನೋ ಬರೀತು. ಸೆಲ್ ಇಳದಾವ ಅಂತ ಮಾವಾ ಅಂತ ಗಿರಿಜವ್ವ ಓದಿ ಹೇಳಿದ್ಲು. ಆಮ್ಯಾಲ ಆಕಿ ನೀರಿಗೆ ಹೋದ್ಲು, ನಾನ ತಗದೆ. ದಿನಾ ಮುಂಜಾನಿ ತಗದು ಬಿಸಲಿಗೆ ಇಡತೀನಿ, ಸಂಜಿಗೆ ಹಾಕತೀನಿ. ಹಾಕೂದು ತಡಾ ಮಾಡೂದಿಲ್ರಿ ಮತ್ತ, ಕಾದದ್ದು ಕಾದಂಗ ಹಾಕತೀನಿ. ಭಾಳ ಛಲೋ ಜೀವ ಹಿಡದೈತಿ. ಹಚ್ಚಿದ್ರ ಹೊಸಾದರಂಗ ಬರತೈತಿ ನೋಡ್ರಿ!"

ನಜೀರ್ ಮಾಳಿಗೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಮುದುಕರು ಪಟಗದ ಗಂಟು ಬಿಚ್ಚಿ ನಾನು ಕೊಟ್ಟಿದ್ದ ಸೆಲ್ಲುಗಳನ್ನು ತಿರುಗಿ ನನ್ನ ಅಂಗೈಯಲ್ಲಿಟ್ಟರು. ಮೇಲಿನ ಕಾಗದ ಕೂಡ ಹರಿದಿರಲಿಲ್ಲ. "ಸರಕಾರಿ ಸಾಮಾನು, ಸುಮ್ನ ಯಾಕ ಹಾಳ ಮಾಡೂದ್ರಿ? ಹಳೇವ ನಡದ್ವು."

ನಿಚ್ಚಣಿಕೆಯ ಬುಡದಲ್ಲಿ ಗಿರಿಜಾ ನಿಂತಿದ್ದಳು. ನಾವಿಬ್ಬರೂ ಇಳಿದ ಮೇಲೆ ನಜೀರನ ಮುಖ ನೋಡಿದಳು.

"ಹೋತೇನ್ರಿ ಅಣ್ಣಾರ?"

"ಹೋತವ್ವಾ."

"ಎಲ್ಲಾ?"

ಮೇಲೆ ಮುದುಕರು ಸೆಲ್ಲು ಹೊರಳಿಸಿ ಇಡುತ್ತಿದ್ದ ಸಪ್ಪಳ ಕೇಳುತ್ತಿತ್ತು, ಇನ್ನೊಂದು ಮಗ್ಗುಲಿಗೂ ಬಿಸಿಲು ತಾಗಲೆಂದು. ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ಮಾವಗ ಹೇಳಬ್ಯಾಡ್ರಿ," ಎಂದಳು. "ಅಷ್ಟ ಐತಿ ಅವರಿಗೆ."

ಆದರೂ ಪಾಟಿಯನ್ನು ಕೊಪ್ಪಳಕ್ಕೆ ತಂದೆವು. ಹೊಸ ಸೆಲ್ ಹಾಕಿ ತೊಟ್ಟಿಲಲ್ಲಿ ಕೂಡಿಸಿದೆವು. ಅದು ನಮಗೆ ಸ್ವಾಗತ ಕೋರಿತು. ಪರದೆಯ ಮೂಲೆ ಮುಟ್ಟಿರಿ ಎಂದಿತು. ತಾರೀಖು ಕೇಳಿತು. ಕೊನೆಗೆ, ನಿಮ್ಮ ಹೆಸರೇನು ಎಂದು ಕೇಳಿತು. ನಜೀರ್ ಕೀಲಿಮಣೆಯಿಂದ ಕೈ ತೆಗೆದ. ಇತರ ಕಾರ್ಯಕರ್ತರು ಬಾಗಿಲಲ್ಲಿ ನಿಂತಿದ್ದರು. ಕಂಪ್ಯೂಟರಿನಲ್ಲಿ ಶರಣಪ್ಪನ ಬರಹ ಅಮಾವಾಸ್ಯೆಯ ಹಿಂದಿನ ಸಂಜೆಯವರೆಗೆ ಇತ್ತು, ಒಂದಕ್ಷರ ತಪ್ಪದೆ. "ಈಗ ಗುಂಡಿ ಒತ್ತೂದು ಬ್ಯಾಡ ಸರ," ಎಂದ ನಜೀರ್. "ಖಾಲಿ ಪಾಟಿ ತಂದು ಇದರ ಮ್ಯಾಲ ಸುರವಿದ್ರ ಇದ್ದದ್ದೂ ಹೋಗತೈತಿ." ಅಂದು ಚಿಂವ್ ಇಲ್ಲದೆ ಎಲ್ಲರೂ ಮೆಟ್ಟಿಲಿಳಿದು ಹೋದರು. ಯಾರೂ ಚಹಾ ಕುಡಿಯಲಿಲ್ಲ.

ಹೆಡ್ ಆಫೀಸಿನಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಎಳೆಯ ವಯಸ್ಸು, ಸಭ್ಯ ಮನುಷ್ಯ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಪಡುತ್ತಿದ್ದೆ. ಅಳವಂಡಿಗೆ ನಾನೇ ಕರೆದೊಯ್ದೆ. ಜಮಖಾನೆ ಹಾಸಿದರು. ಫಕೀರಪ್ಪ ಕಂಬಕ್ಕೆ ಒರಗಿ ಕುಳಿತರು, ಗಿರಿಜಾ ಒಳಬಾಗಿಲಲ್ಲಿ ನಿಂತಳು.

"ನೋಡಿ, ಅಪಘಾತದಲ್ಲೇ ಯಂತ್ರ ಕೆಟ್ಟಿದ್ರೆ ನಾನು ಹಾಗಂತ ಬರೀಬಹುದಿತ್ತು. ಅನುಮಾನದ ಲಾಭ ಅವರಿಗೇ ಕೊಡಬಹುದಿತ್ತು. ಆದ್ರೆ ಪೊಲೀಸರು ಕೊಟ್ಟಾಗ ಸರಿಯಾಗೇ ಇತ್ತಂತೆ. ಆಮೇಲೆ ಮನೇಲಿ ಯಾರೋ ಬ್ಯಾಟರಿ ತೆಗ್ದಿದಾರೆ. ಯಾರು ತೆಗೆದಿದ್ದು?"

ಫಕೀರಪ್ಪ ಹುರುಪಿನಿಂದ ಮುಂದಕ್ಕೆ ಬಾಗಿದರು. ತಮ್ಮ ಆರೈಕೆಯ ಬಗ್ಗೆ ಕೊನೆಗೂ ಒಬ್ಬ ದೊಡ್ಡ ಸಾಹೇಬರು ಕೇಳುತ್ತಿದ್ದಾರೆ. "ಅದನ್ನ ಸಾಹೇಬ್ರ, ನಾ ದಿನಾ..."

"ನಾನ ತಗದೀನ್ರಿ," ಎಂದಳು ಗಿರಿಜಾ.

ಅಧಿಕಾರಿ ತಲೆಯೆತ್ತಿದರು. "ನೀವಾ? ನೀವೇ ಅರ್ಜಿದಾರರು ಅಲ್ವಾ? ಯೋಚನೆ ಮಾಡಿ ಹೇಳಿ. ಅರ್ಜಿ ಹಾಕಿದವರೇ ಸಾಕ್ಷಿ ಅಳಿಸಿದ್ರು ಅಂತ ಬರೆದ್ರೆ, ಮುಂದೆ ಯಾರೂ ಏನೂ ಮಾಡೋಕಾಗಲ್ಲ."

"ನಾನ ರೀ. ತಿಳೀಲಿಲ್ಲ, ತಗದೆ."

"ಏ ಗಿರಿಜವ್ವಾ, ನೀ ಯಾವಾಗ..." ಎಂದರು ಮುದುಕರು, ಗೊಂದಲದಿಂದ.

"ಮಾವಾ, ಚಹಾ ಆರತೈತಿ. ಕುಡೀರಿ."

ನಾನು ಬಾಯಿ ತೆರೆದೆ. ಗಿರಿಜಾ ನನ್ನತ್ತ ನೋಡಿದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ನನ್ನ ಸರ್ವಿಸಿನಲ್ಲಿ ನೋಡಿದ ಯಾವ ರಿಜಿಸ್ಟ್ರಾರನೂ ಅಂಥ ನೋಟದಿಂದ ನನ್ನನ್ನು ಸುಮ್ಮನಾಗಿಸಿರಲಿಲ್ಲ. ಅಧಿಕಾರಿ ಬರೆದುಕೊಂಡರು. ಪೆನ್ನಿನ ಟೋಪಿ ಹಾಕುವಾಗ ಅವರ ಕೈ ಸ್ವಲ್ಪ ತಡೆಯಿತು. ಆಮೇಲೆ ಹಾಕಿದರು.

ಮೊದಲ ಮಳೆ ಬಿದ್ದಾಗ ಬಣ್ಣ ಬಳಿಯುವ ಕೆಲಸ ನಡೆಯಿತು. ಕಂಪ್ಯೂಟರ್ ಕೆಂಪು ಎಂದ ಪಂಪುಗಳಿಗೆ ಕೆಂಪು, ಹಸಿರು ಎಂದವುಗಳಿಗೆ ಹಸಿರು. ತಳಕಲ್ಲಿನಾಚೆಯ ಆ ಊರಿನ ಪಂಪಿಗೆ ಯಾವ ಬಣ್ಣವೂ ಬರಲಿಲ್ಲ. ಮತ್ತೆ ಪರೀಕ್ಷೆ ಮಾಡಿಸಿರೆಂದು ಬರೆದೆ. ಕ್ಷೇತ್ರಕಾರ್ಯದ ಅವಧಿ ಮುಗಿದಿದೆ ಎಂದರು. ವರದಿ ನುಣುಪು ಕಾಗದದ ಮೇಲೆ ಅಚ್ಚಾಗಿ ಬಂತು. ಆ ಊರಿನ ಎದುರಿಗೆ ಒಂದು ಅಡ್ಡಗೆರೆ ಇತ್ತು. ಬಣ್ಣವಿಲ್ಲದ್ದಕ್ಕೆ ಜನ ತಮಗೆ ತಿಳಿದ ಅರ್ಥ ಮಾಡಿಕೊಂಡರು: ಕೆಂಪಿಲ್ಲ, ಕುಡಿಯಬಹುದು. ಯೋಜನೆ ಮುಗಿದು ಪೆಂಗ್ವಿನ್ ಸಮೇತ ಕಂಪ್ಯೂಟರನ್ನು ಯಾರೋ ಒಯ್ದರು. ಗಿರಿಜಾ ಉಳ್ಳಾಗಡ್ಡಿ ಹೊಲಗಳಿಗೆ ಕೂಲಿಗೆ ಹೋಗತೊಡಗಿದಳು. ತವರಿನವರು ಕರೆದರು, ಹೋಗಲಿಲ್ಲ.

ಫಕೀರಪ್ಪ ಬಹಳ ವರ್ಷ ಬದುಕಿದರು. ಅವರ ದಿನದ ಕಾರ್ಯಕ್ಕೆ ಹೇಳಿಕಳಿಸಿದ್ದರಿಂದ ಹೋಗಿದ್ದೆ. ಅದೇ ಪಡಸಾಲೆ, ಅದೇ ಜಮಖಾನೆ. ಗಿರಿಜಾಳ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ನನ್ನ ಪಕ್ಕ ಕುಳಿತ ಸಂಬಂಧಿಕನೊಬ್ಬ ನಾನು ಯಾರೆಂದು ತಿಳಿದೊಡನೆ ದೊಡ್ಡ ದನಿಯಲ್ಲಿ ಕೇಳಿದ:

"ನೀವೇನ್ರಿ ಆ ನೀರಿನ ಆಫೀಸಿನ ಸಾಹೇಬ್ರು? ನಮ್ಮ ಕಾಕಾ ಊರ ಮಂದಿಗೆಲ್ಲಾ ಹೇಳತಿದ್ರು ಬಿಡ್ರಿ. ಶರಣಪ್ಪ ಕಡೀಗೆ ಬರದದ್ದನ್ನ ತಾವ ಸೆಲ್ ಕಾಸಿ ಕಾಸಿ ಉಳಿಸಿ ಆಫೀಸಿಗೆ ಮುಟ್ಟಿಸಿದ್ರಂತ. ಖರೇ ಏನ್ರಿ?"

ಗಿರಿಜಾ ಎಡೆಗೆ ಬಡಿಸುತ್ತಿದ್ದವಳು ಸೌಟು ಹಿಡಿದು ನಿಂತಳು. ನಾನು ಗಂಟಲು ಸರಿಮಾಡಿಕೊಂಡು, ಮೇಲ್ವಿಚಾರಕನಾಗಿದ್ದಾಗಲೂ ಬಳಸಿರದ ಗಾಂಭೀರ್ಯದಿಂದ, "ಖರೇ," ಎಂದೆ. "ಅವರು ಇರಲಿಲ್ಲಂದ್ರ ಒಂದ ಅಕ್ಷರ ಉಳೀತಿರಲಿಲ್ಲ."

ಸೌಟು ಮತ್ತೆ ಓಡಾಡಿತು. ಎಡೆಯ ಮುಂದೆ ಮುದುಕರಿಗೆ ಪ್ರೀತಿಯವು ಇದ್ದವು: ಎಲೆಯಡಿಕೆಯ ಚಂಚಿ, ಪಟಗ, ಕೋಲು, ಉದ್ದನೆಯ ಟಾರ್ಚು. ಟಾರ್ಚಿನ ಹಿಂದಿನ ಮುಚ್ಚಳ ಬಿಚ್ಚಿ ಪಕ್ಕದಲ್ಲಿಟ್ಟಿತ್ತು. ಒಳಗೆ ಖಾಲಿ. ನಾನು ಅದನ್ನೇ ನೋಡುತ್ತಿರುವುದನ್ನು ಗಿರಿಜಾ ಗಮನಿಸಿದಳು. ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ ಹೇಳಿದಳು:

"ಸೆಲ್ ಮ್ಯಾಲ ಅದಾವ್ರಿ ಸರ. ಮುಂಜಾನಿನ ಬಿಸಲಿಗೆ ಇಟ್ಟೀನಿ."